ವಾಗಣಗೇರಿಯ ಗುರಿಕಾರ: ಬಾದಶಹನ ಕೊನೆಯ ಮುತ್ತಿಗೆಗೆ ಎದೆಯೊಡ್ಡಿದ ಪಿಡ್ಡನಾಯಕ

ಕಲಬುರಗಿ: ಮೊಘಲ ಬಾದಶಹ ಔರಂಗಜೇಬ ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ದಿಲ್ಲಿಯ ಬಳಿಯಲ್ಲೋ ಸಹ್ಯಾದ್ರಿಯ ಮರಾಠಾ ಕೋಟೆಗಳಲ್ಲೋ ನಡೆಯಿತೆಂದು ಅನೇಕರು ಭಾವಿಸಿರುವುದುಂಟು. ಆದರೆ ಆ ಮುತ್ತಿಗೆ ನಡೆದದ್ದು ಕಲಬುರಗಿಯಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿರುವ ಸುರಪುರದ ಸಮೀಪದ ವಾಗಣಗೇರಿಯಲ್ಲಿ. ವರ್ಷ 1705. ಬಾದಶಹನಿಗೆ ಆಗ 86 ವರ್ಷ. ಬಿಜಾಪುರ ಮತ್ತು ಗೋಲ್ಕೊಂಡಗಳಂಥ ಎರಡು ದೊಡ್ಡ ಸುಲ್ತಾನಶಾಹಿಗಳನ್ನು ನೆಲಸಮಗೊಳಿಸಿದ್ದ ಸೈನ್ಯ ಅವನ ಬೆನ್ನಿಗಿತ್ತು. ಎದುರಿಗಿದ್ದವನು ಬೇಡರ ನಾಯಕ, ಬೇಟೆಯ ಕುಲದಲ್ಲಿ ಹುಟ್ಟಿ ಬಂದೂಕಿನ ಗುರಿಯಿಂದಲೇ ರಾಜ್ಯ ಕಟ್ಟಿದ ಪಿಡ್ಡನಾಯಕ.

ಈತನ ಹೆಸರು ಮೊಘಲರ ಫಾರಸಿ ಇತಿಹಾಸಗಳಲ್ಲಿ ಪಿಡಿಯಾ ಎಂದು ಬರುತ್ತದೆ. ಸುರಪುರದ ಅರಸು ಪರಂಪರೆಯಲ್ಲಿ ಪಿಡ್ಡನಾಯಕ, ಪಾಮನಾಯಕ ಎಂಬ ಹೆಸರುಗಳು ಮತ್ತೆ ಮತ್ತೆ ಬರುವುದರಿಂದ ಓದುಗರಿಗೆ ಗೊಂದಲವಾಗುವುದು ಸಹಜ. ಇಲ್ಲಿ ಹೇಳಹೊರಟಿರುವುದು 1687ರಿಂದ 1705ರವರೆಗೆ, ಹತ್ತಿರ ಹತ್ತಿರ ಎರಡು ದಶಕಗಳ ಕಾಲ ಮೊಘಲ ಸಾಮ್ರಾಜ್ಯಕ್ಕೆ ನಿದ್ದೆ ಕೊಡದ ಪಿಡ್ಡನಾಯಕನ ಬಾಳಿನ ಕಥೆಯನ್ನು.

ಬೇಟೆಯಿಂದ ಬಂದ ಬಲ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಈ ಸೀಮೆಯಲ್ಲಿ ಕರಿಮಣ್ಣಿನ ಬಯಲು ಹರಡಿಕೊಂಡಿದೆ. ಬಯಲಿನ ನಡುವೆ ಅಲ್ಲಲ್ಲಿ ಹೆಬ್ಬಂಡೆಗಳ ಗುಡ್ಡಗಳು ಏಳುತ್ತವೆ. ಬಯಲಲ್ಲಿ ಜೋಳದ ಹೊಲ, ಚಿಗರಿಯ ಹಿಂಡು. ಗುಡ್ಡದ ಪೊದೆಗಳಲ್ಲಿ ಹಂದಿ, ಮೊಲ, ಕವುಜುಗ. ಬೇಡ ಎಂಬ ಮಾತಿನ ಅರ್ಥವೇ ಬೇಟೆಗಾರ. ಬಲೆ, ಬೇಟೆನಾಯಿ, ಬಿಲ್ಲು, ಈಟಿ ಇವು ಹಿಂದಿನಿಂದ ಬಂದ ಸಾಧನಗಳು. ಹದಿನಾರನೇ ಶತಮಾನದಲ್ಲಿ ಇವುಗಳ ಜೊತೆಗೆ ಬಂದೂಕು ಸೇರಿಕೊಂಡಿತು. 1520ರ ರಾಯಚೂರು ಕಾಳಗದಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಬಂದೂಕುಧಾರಿಗಳು ಕೋಟೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಹೊಡೆದದ್ದು ಇತಿಹಾಸದಲ್ಲಿ ದಾಖಲಾಗಿದೆ. ರಾಯಚೂರು ಈ ಸೀಮೆಗೆ ಕೃಷ್ಣೆಯ ಆಚೆ ದಡ. ಮುಂದಿನ ನೂರೈವತ್ತು ವರ್ಷಗಳಲ್ಲಿ ಆ ಆಯುಧವನ್ನು ದಕ್ಷಿಣದಲ್ಲಿ ಬೇಡರಷ್ಟು ಚೆನ್ನಾಗಿ ಕರಗತ ಮಾಡಿಕೊಂಡವರು ವಿರಳ.

ಆ ಕಾಲದ ಬಂದೂಕಿಗೆ ಮದ್ದನ್ನು ಬಾಯಿಯಿಂದ ತುಂಬಬೇಕಿತ್ತು. ಉದ್ದನೆಯ ಕಬ್ಬಿಣದ ನಳಿಗೆಯೊಳಕ್ಕೆ ಅಳತೆಯ ಮದ್ದು ಸುರಿದು, ಮೇಲೆ ಸೀಸದ ಗುಂಡನ್ನಿಟ್ಟು, ಗಜದಿಂದ ಬಿಗಿಯಾಗಿ ಜಡಿಯಬೇಕು. ನಳಿಗೆಯ ಬುಡದ ಸಣ್ಣ ಕಿವಿಯ ಬಳಿ ನಯವಾದ ಮದ್ದಿನ ಚಿಟಿಕೆ ಹಾಕಬೇಕು. ಸದಾ ಹೊಗೆಯಾಡುವ ನೂಲಿನ ಬತ್ತಿಯನ್ನು ಕೊಕ್ಕೆಗೆ ಸಿಕ್ಕಿಸಿ, ಕುದುರೆಯನ್ನು ಎಳೆದಾಗ ಬತ್ತಿಯ ಕಿಡಿ ಮದ್ದಿಗೆ ತಗುಲಿ ಗುಂಡು ಹಾರುತ್ತದೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರೇ ಮದ್ದಿನ ಸಾಮಗ್ರಿ. ಅದರಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು. ಒಂದು ಗುಂಡು ಹಾರಿಸಿ ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಗಾಯಗೊಂಡ ಹಂದಿ ಬೇಟೆಗಾರನ ಮೈಮೇಲೆ ಬಂದಿರುತ್ತಿತ್ತು. ಆದ್ದರಿಂದ ಮೊದಲ ಗುಂಡು ತಪ್ಪುವಂತಿರಲಿಲ್ಲ.

ಇಂಥ ಬಂದೂಕಿನ ಬೇಟೆಗೆ ಋತುಮಾನದ ಕಟ್ಟು ಇತ್ತು. ಮಳೆಗಾಲದಲ್ಲಿ ಬತ್ತಿ ಆರುತ್ತದೆ, ಮದ್ದು ತೇವ ಹಿಡಿಯುತ್ತದೆ, ಕರಿಮಣ್ಣಿನಲ್ಲಿ ಕಾಲು ಹೂಳುತ್ತದೆ. ಬೆಳೆ ಕೊಯ್ದು ಬಯಲು ಬರಿದಾದ ಮೇಲೆ, ಚಳಿ ಕಳೆದು ಬಿಸಿಲೇರಿ ಹಳ್ಳಕೊಳ್ಳಗಳು ಬತ್ತಿದ ಮೇಲೆ ಬೇಟೆಯ ಕಾಲ. ನೀರು ಉಳಿದ ಮಡುವಿಗೆ ಪ್ರಾಣಿ ಬರಲೇಬೇಕು. ಗಾಳಿಯ ದಿಕ್ಕು ನೋಡಿ, ಬಂಡೆಯ ಮರೆಯಲ್ಲಿ, ಬತ್ತಿಯ ಕಿಡಿ ಮತ್ತು ವಾಸನೆ ತಿಳಿಯದಂತೆ ತಾಸುಗಟ್ಟಲೆ ಹೊಂಚು ಹಾಕುವುದು, ಹತ್ತಿರ ಬರುವವರೆಗೆ ಉಸಿರು ಬಿಗಿಹಿಡಿದು ಕಾಯುವುದು ಬೇಟೆಗಾರನ ವಿದ್ಯೆ. ಈ ವಿದ್ಯೆಯೇ ಮುಂದೆ ಯುದ್ಧವಿದ್ಯೆಯಾಯಿತು. ಬಂಡೆ, ಇರುಳು, ತಾಳ್ಮೆ, ಒಂದೇ ಗುಂಡು ಇವು ಬೇಡರ ಪದಾತಿದಳದ ನಾಲ್ಕು ಬಲಗಳಾದವು.

ಸಗರದ ಪತನ

ಪಿಡ್ಡನಾಯಕ ಬೆಳೆದದ್ದು ಪಾಮನಾಯಕನ ಆಶ್ರಯದಲ್ಲಿ. ಪಾಮನಾಯಕ ಈತನ ಸಮೀಪ ಬಂಧು. ಈತನನ್ನು ದತ್ತು ತೆಗೆದುಕೊಂಡು ಉತ್ತರಾಧಿಕಾರಿಯಂತೆ ಬೆಳೆಸಿದ. ಶಹಾಪುರದ ಬಳಿಯ ಸಗರ ಆಗ ಬೇಡರ ರಾಜಧಾನಿ. ಬಿಜಾಪುರದ ಆದಿಲಶಾಹಿಗೆ ಅಧೀನರಾಗಿದ್ದರೂ ತಮ್ಮ ನೆಲದಲ್ಲಿ ಬೇಡ ನಾಯಕರು ಸ್ವತಂತ್ರರಂತೆಯೇ ಇದ್ದರು. 1680ರಲ್ಲಿ ಮೊಘಲ ಸೇನಾನಿ ದಿಲೇರ್ ಖಾನ್ ಈ ಸೀಮೆಗೆ ನುಗ್ಗಿದಾಗ, ಆದಿಲಶಾಹಿಯ ಮೊದಲ ಸುಲ್ತಾನರ ಸಮಾಧಿಗಳಿರುವ ಗೋಗಿಯ ಬಳಿ ಬೇಡರ ಬಂದೂಕುಗಳು ಅವನ ಸೈನ್ಯಕ್ಕೆ ಭಾರಿ ಪೆಟ್ಟು ಕೊಟ್ಟವು. ಬಾಲ್ಯದಿಂದ ಬೇಟೆಯಲ್ಲಿ ಕಲಿತದ್ದು ಸಾಮ್ರಾಜ್ಯದ ಸೈನ್ಯದ ಮೇಲೂ ನಡೆಯುತ್ತದೆ ಎಂಬುದಕ್ಕೆ ಗೋಗಿ ಸಾಕ್ಷಿಯಾಯಿತು.

ಮೊಘಲರು ಬಿಜಾಪುರವನ್ನು ಮುತ್ತಿದಾಗ ಪಾಮನಾಯಕ ಕೋಟೆಯೊಳಗಿನವರಿಗೆ ದವಸಧಾನ್ಯ ಹಾಗೂ ಜನಬಲ ಒದಗಿಸಿದ. ಗೋಲ್ಕೊಂಡದ ಮುತ್ತಿಗೆಯ ವೇಳೆಯಲ್ಲೂ ಅದೇ ನೆರವು ನೀಡಿದ. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಬಿದ್ದವು. ಕೈ ತೆರವಾದ ಕೂಡಲೇ ಔರಂಗಜೇಬನ ಕಣ್ಣು ಸಗರದ ಮೇಲೆ ಬಿತ್ತು. ಎರಡು ರಾಜ್ಯಗಳೇ ಉಳಿಯದಿರುವಾಗ ತಾನೊಬ್ಬನೇ ಕಾದುವುದು ವ್ಯರ್ಥವೆಂದು ತಿಳಿದ ಪಾಮನಾಯಕ 1687ರ ಕೊನೆಯಲ್ಲಿ ಸಗರವನ್ನು ಒಪ್ಪಿಸಿ ಬಾದಶಹನ ದರ್ಬಾರಿಗೆ ಹೋದ. ಅಲ್ಲಿ ಅವನ ಮೈಬಣ್ಣ, ರೂಪಗಳನ್ನು ಆಸ್ಥಾನಿಕರು ಹಾಸ್ಯ ಮಾಡಿದ್ದನ್ನು ಮೊಘಲ ಬರಹಗಾರರು ಸಂಕೋಚವಿಲ್ಲದೆ ಬರೆದಿಟ್ಟಿದ್ದಾರೆ. ದರ್ಬಾರಿಗೆ ಹೋದ ಕೆಲವೇ ದಿನಗಳಲ್ಲಿ ಪಾಮನಾಯಕ ತೀರಿಕೊಂಡ. ಸಗರಕ್ಕೆ ನುಸ್ರತಾಬಾದ್ ಎಂಬ ಹೆಸರು ಬಂತು.

ರಾಜಧಾನಿ ಹೋಯಿತು, ಹಿರಿಯ ಹೋದ. ಪಿಡ್ಡನಾಯಕನ ಸ್ವಂತ ಬಾಳು ಆರಂಭವಾಗುವುದು ಈ ಎರಡು ನಷ್ಟಗಳ ನಂತರ.

ರಜೆ ಪಡೆದು ಬಂದ ಮನಸಬದಾರ

ಪಿಡ್ಡನಾಯಕ ಆರಂಭದಲ್ಲಿ ಮೊಘಲರ ಸೇವೆಗೇ ಸೇರಿದ. 1689ರಲ್ಲಿ ಸೇನಾನಿ ರುಹುಲ್ಲಾ ಖಾನ್ ರಾಯಚೂರಿನ ಮೇಲೆ ಹೋದಾಗ ಅವನ ಜೊತೆಗಿದ್ದ. ತನ್ನ ಊರಿಗೆ ಒಂದು ವಾರ ಹೋಗಿಬರಲು, ಇನ್ನಷ್ಟು ಜನರನ್ನು ಕೂಡಿಸಿಕೊಂಡು ಬರಲು ಅಪ್ಪಣೆ ಕೇಳಿ ಹೊರಟವನು ಹಿಂತಿರುಗಲಿಲ್ಲ. ಸಗರದ ನೈಋತ್ಯಕ್ಕಿರುವ ವಾಗಣಗೇರಿಯ ಗುಡ್ಡಕ್ಕೆ ಹೋಗಿ ಕೋಟೆಯ ಗೋಡೆಗಳನ್ನು ಬಲಪಡಿಸಿದ, ದವಸ ತುಂಬಿದ, ಮದ್ದುಗುಂಡು ಕೂಡಿಹಾಕಿದ. ಸುತ್ತಲ ಸೀಮೆಯಿಂದ ಬೇಡ ಬಂದೂಕುಧಾರಿಗಳು ಬಂದು ಸೇರಿದರು. ಅವರ ಸಂಖ್ಯೆ ಹನ್ನೆರಡು ಸಾವಿರ ದಾಟಿತ್ತೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಕಾಲಾಂತರದಲ್ಲಿ ಕುದುರೆದಳವೂ ತೋಪುಗಳೂ ಬಂದವು.

ಮನೆಯೊಳಗಿನ ಜಗಳವೂ ಇತ್ತು. ಮೊಘಲ ದಾಖಲೆಗಳಲ್ಲಿ ಜಗಿಯಾ ಎಂದು ಕರೆಯಲಾಗಿರುವ ಪಾಮನಾಯಕನ ಸ್ವಂತ ಮಗ, ತಂದೆಯ ಆಸ್ತಿ ತನಗೆ ಬರಬೇಕೆಂದು ಬಾದಶಹನ ಆಶ್ರಯ ಪಡೆದಿದ್ದ. ಹುಟ್ಟಿನ ಹಕ್ಕು ಅವನದು, ಜನರ ಬಂದೂಕುಗಳು ಪಿಡ್ಡನಾಯಕನವು. ಜನಬಲವೇ ಗೆದ್ದಿತು.

ಮುಂದಿನ ಹದಿನೈದು ವರ್ಷಗಳ ಕಾಲ ಒಂದೇ ಆಟ ನಡೆಯಿತು. ದೊಡ್ಡ ಸೈನ್ಯ ಬಂದಾಗ ನಾಯಕ ಶರಣೆನ್ನುತ್ತಿದ್ದ, ಕಪ್ಪ ಕೊಡುತ್ತಿದ್ದ. ಸೈನ್ಯ ಹಿಂದಿರುಗಿದ ಕೂಡಲೇ ಹಳೆಯ ದಾರಿ ಹಿಡಿಯುತ್ತಿದ್ದ. ರಾಜಕುಮಾರ ಆಜಂ ಶಾ ಬಂದಾಗ ಕೊಟ್ಟ ಕಪ್ಪ ಏಳು ಲಕ್ಷ ರೂಪಾಯಿ. 1697ರಲ್ಲಿ ಫಿರೋಜ್ ಜಂಗ್ ಒಂಬತ್ತು ಲಕ್ಷ ವಸೂಲು ಮಾಡಿದ. ಇಷ್ಟು ಹಣ ಬರುತ್ತಿದ್ದುದು ಹೊಲದ ಕಂದಾಯದಿಂದ ಮಾತ್ರವಲ್ಲ. ಮೊಘಲರ ಆಡಳಿತಕ್ಕೊಳಪಟ್ಟ ಹಳ್ಳಿಗಳಿಂದ ಚೌತಿನಂಥ ವಸೂಲಿ, ದಾರಿಯಲ್ಲಿ ಸಾಗುವ ವ್ಯಾಪಾರಿಗಳ ಸುಲಿಗೆ, ಇರುಳ ದಾಳಿ ಇವೂ ಇದ್ದವು. ಪಿಡ್ಡನಾಯಕನನ್ನು ವೀರನೆಂದು ಕೊಂಡಾಡುವಾಗ ಬಿಜಾಪುರದಿಂದ ಕಲಬುರಗಿಯವರೆಗಿನ ರೈತ, ಸಾರ್ಥವಾಹರು ಆ ವರ್ಷಗಳಲ್ಲಿ ಎರಡೂ ಕಡೆಯಿಂದ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. ಮೊಘಲ ಬರಹಗಾರರು ಈತನನ್ನು ದರೋಡೆಕೋರನೆಂದು ಕರೆದರು. ಆದರೆ ಅದೇ ಬರಹಗಾರರ ಯಜಮಾನರು ಆ ನೆಲವನ್ನು ಕತ್ತಿಯಿಂದಲೇ ಕಿತ್ತುಕೊಂಡವರೆಂಬುದೂ ಅಷ್ಟೇ ನಿಜ.

ಎಂಬತ್ತು ದಿನಗಳಿಗೆ ಹತ್ತಿರದ ಕಾದಾಟ

ಮರಾಠರ ತೋರಣಾ ಕೋಟೆಯನ್ನು 1704ರಲ್ಲಿ ಗೆದ್ದ ಔರಂಗಜೇಬ ಆ ವರ್ಷದ ಅಕ್ಟೋಬರಿನಲ್ಲಿ ದಕ್ಷಿಣಕ್ಕೆ ತಿರುಗಿದ. 1705ರ ಫೆಬ್ರವರಿ ಎರಡನೇ ವಾರ ವಾಗಣಗೇರಿಯ ಮುಂದೆ ಡೇರೆ ಹಾಕಿದ. ಬೇಸಿಗೆ ಕಾಲಿಡುವ ಹೊತ್ತು, ಅಂದರೆ ಬೇಟೆಯ ಕಾಲ. ಒಣಗಾಳಿಯಲ್ಲಿ ಮದ್ದು ಚೆನ್ನಾಗಿ ಉರಿಯುತ್ತದೆ. ಕೋಟೆಯ ಕೆಳಗೆ ತಳವಾರಗೇರಿ ಎಂಬ ಹುಲ್ಲು ಮಾಡಿನ ಮನೆಗಳ ಕೇರಿ, ಸುತ್ತ ಬಂಡೆಗುಡ್ಡಗಳು. ಪ್ರತಿ ಬಂಡೆಯ ಹಿಂದೆಯೂ ಒಂದು ಬಂದೂಕು.

ಮೊಘಲರ ಪಡೆ ಆರಂಭದಲ್ಲಿಯೇ ಕೋಟೆಗೆದುರಿನ ಲಾಲ್ ಟೇಕ್ರಿ ಎಂಬ ಗುಡ್ಡವನ್ನು ಹಠಾತ್ತನೆ ಹಿಡಿಯಿತು. ಅಲ್ಲಿಂದ ಕೋಟೆಯ ಮೇಲೆ ಗುಂಡು ಹಾಕಬಹುದಿತ್ತು. ಅದನ್ನರಿತ ಪಿಡ್ಡನಾಯಕ ಕಾಲಾಳುಗಳ ಮಹಾಪೂರವನ್ನೇ ಗುಡ್ಡದ ಮೇಲೆ ನುಗ್ಗಿಸಿದ. ಕಲ್ಲು ಮತ್ತು ಗುಂಡುಗಳ ಮಳೆಗೆ ನಿಲ್ಲಲಾರದೆ ಮೊಘಲರು ಇಳಿದುಹೋದರು. ಅಂದಿನಿಂದ ವಾರಗಟ್ಟಲೆ ಮುತ್ತಿಗೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ತೋಪಖಾನೆಯ ಮುಖ್ಯಸ್ಥ ತರಬಿಯತ್ ಖಾನ್ ಕಂದಕ ತೋಡಿಸಿದ. ಬೇಡರು ಇರುಳಲ್ಲಿ ಇಳಿದುಬಂದು ಆ ಕೆಲಸವನ್ನು ಕೆಡಿಸಿದರು. ಸೇನಾನಿಗಳಾದ ಚಿನ್ ಖಿಲಿಚ್ ಖಾನ್ ಮತ್ತು ಮುಹಮ್ಮದ್ ಅಮೀನ್ ಖಾನ್ ಏರಿದ್ದ ಕುದುರೆಗಳು ಕೋಟೆಯಿಂದ ಬಂದ ಗುಂಡಿಗೆ ಉರುಳಿದವು.

ಮಾರ್ಚಿಯ ಕೊನೆಯಲ್ಲಿ ಮರಾಠಾ ಸೇನಾಪತಿ ಧನಾಜಿ ಜಾಧವ ಮತ್ತು ಹಿಂದೂರಾವ್ ಐದಾರು ಸಾವಿರ ಸವಾರರೊಡನೆ ಬಂದರು. ಅನೇಕ ಮರಾಠಾ ಸರದಾರರು ತಮ್ಮ ಹೆಂಡಿರು ಮಕ್ಕಳನ್ನು ವಾಗಣಗೇರಿಯ ಆಶ್ರಯದಲ್ಲಿ ಇಟ್ಟಿದ್ದರು. ಮುಂಭಾಗದಲ್ಲಿ ಮೊಘಲರನ್ನು ಕಾಳಗದಲ್ಲಿ ತೊಡಗಿಸಿ, ಹಿಂಭಾಗದಿಂದ ಆ ಸಂಸಾರಗಳನ್ನು ಕುದುರೆಗಳ ಮೇಲೆ ಕೂರಿಸಿಕೊಂಡು ಪಾರುಮಾಡಿದರು. ಮುತ್ತಿಗೆ ಸಾಗುವವರೆಗೆ ಹೊರಗಿನಿಂದ ಕಿರುಕುಳ ಕೊಡುತ್ತಿರಲು ಪಿಡ್ಡನಾಯಕ ಅವರಿಗೆ ದಿನಕ್ಕೆ ಸಾವಿರಾರು ರೂಪಾಯಿ ಕೊಡಲು ಒಪ್ಪಿದ. ಮುತ್ತಿಗೆ ಹಾಕಿದವರೇ ಈಗ ಮುತ್ತಿಗೆಗೆ ಒಳಗಾದರು. ಮೊಘಲ ಶಿಬಿರದಲ್ಲಿ ಕಾಳು, ಮೇವು ದುಬಾರಿಯಾದವು.

ಈ ಹೊತ್ತಿನಲ್ಲಿ ಪಿಡ್ಡನಾಯಕ ಮತ್ತೆ ಸಂಧಾನದ ಬಲೆ ಬೀಸಿದ. ಅಬ್ದುಲ್ ಗನಿ ಎಂಬ ಕಾಶ್ಮೀರಿ ವ್ಯಾಪಾರಿಯ ಮೂಲಕ ಪತ್ರ ಹೋಯಿತು. ನಾಯಕನ ತಮ್ಮ ಬಾದಶಹನ ಶಿಬಿರಕ್ಕೆ ಹೋಗಿ ಮರ್ಯಾದೆ ಸಲ್ಲಿಸಿದ. ಕೋಟೆಯನ್ನು ವಶಕ್ಕೆ ಪಡೆಯಲು ಮುಹ್ತಶಮ್ ಖಾನ್ ಎಂಬ ಅಧಿಕಾರಿ ಕೆಲವೇ ಜನರೊಡನೆ ಒಳಗೆ ಹೋದ. ಶಿಬಿರದಲ್ಲಿ ವಿಜಯದ ಸಂಭ್ರಮ ನಡೆಯಿತು. ನಾಯಕನಿಗೆ ಹುಚ್ಚು ಹಿಡಿದಿದೆ, ಮರಾಠರ ಜೊತೆ ಓಡಿಹೋದನೆಂದು ಕೋಟೆಯೊಳಗಿನಿಂದ ಸುದ್ದಿ ಬಂತು. ಎಲ್ಲವೂ ಕಾಲ ನೂಕುವ ಉಪಾಯವೆಂದು ತಿಳಿಯುವಷ್ಟರಲ್ಲಿ ಒಳಗೆ ಹೋದ ಅಧಿಕಾರಿ ಸೆರೆಯಾಳಾಗಿದ್ದ, ಬಂದೂಕುಗಳು ಮತ್ತೆ ಮಾತಾಡತೊಡಗಿದ್ದವು.

ಪರಿಸ್ಥಿತಿಯನ್ನು ಬದಲಿಸಿದವನು ಮೊಘಲರ ಅತ್ಯಂತ ಸಮರ್ಥ ಸೇನಾನಿ ಜುಲ್ಫಿಕರ್ ಖಾನ್. ಬುಂದೇಲದ ದಳಪತ ರಾವ್ ಅವನ ಜೊತೆಗಿದ್ದ. ಜುಲ್ಫಿಕರ್ ಖಾನ್ ಕೋಟೆಯ ಗೋಡೆಯ ಮೇಲೆ ಬೀಳುವ ಬದಲು ನೀರಿನ ಮೇಲೆ ಬಿದ್ದ. ಕೇರಿಯವರೂ ಕೋಟೆಯವರೂ ನೀರು ತರುತ್ತಿದ್ದ ಬಾವಿಗಳನ್ನು ಹೋರಾಡಿ ಹಿಡಿದ. ಬಿರುಬೇಸಿಗೆಯಲ್ಲಿ ಮಡುವಿನ ಬಳಿ ಹೊಂಚು ಹಾಕಿ ಕುಳಿತರೆ ಪ್ರಾಣಿ ತಾನಾಗಿಯೇ ಬಲೆಗೆ ಬೀಳುತ್ತದೆಂಬುದು ಬೇಡರಿಗೆ ತಲೆಮಾರುಗಳಿಂದ ಗೊತ್ತಿದ್ದ ಪಾಠ. ಈ ಸಲ ಆ ಪಾಠ ಅವರ ಮೇಲೆಯೇ ಪ್ರಯೋಗವಾಯಿತು.

ಏಪ್ರಿಲ್ ಕೊನೆಗೆ ತಳವಾರಗೇರಿ ಮೊಘಲರ ವಶವಾಯಿತು. ಇನ್ನು ಕೋಟೆ ನಿಲ್ಲದೆಂದು ಕಂಡ ಪಿಡ್ಡನಾಯಕ ಅಂದೇ ಇರುಳು, ಉಳಿದ ಜನರೊಡನೆ, ಮನೆಗಳಿಗೆ ಬೆಂಕಿಯಿಟ್ಟು ಗುಡ್ಡದ ಗುಪ್ತ ದಾರಿಯಿಂದ ಹೊರಬಿದ್ದ. ಗೋಡೆಗಳ ಮೇಲಿಂದ ಗುಂಡಿನ ಸದ್ದು ನಿಂತದ್ದನ್ನು ಕಂಡು ಮೊಘಲರು ಒಳಹೊಕ್ಕಾಗ ಅವರಿಗೆ ಸಿಕ್ಕಿದ್ದು ಉರಿಯುವ ಮನೆಗಳು, ಗಾಯಾಳುಗಳು ಮತ್ತು ಕಾಲಿಗೆ ಸರಪಳಿ ಬಿದ್ದಿದ್ದ ಅವರದೇ ಅಧಿಕಾರಿ. ಕೋಟೆಗೆ ರಹಮಾನ್ ಬಕ್ಷ್ ಎಂದು ಹೊಸ ಹೆಸರಿಟ್ಟರು. ಬೇಟೆ ಮಾತ್ರ ತಪ್ಪಿಸಿಕೊಂಡಿತ್ತು.

ಗೆದ್ದವನು ಯಾರು?

ಗೆಲುವಿನ ನಂತರ ಬಾದಶಹ ಹತ್ತಿರದ ದೇವಾಪುರದಲ್ಲಿ ಬಿಡಾರ ಹೂಡಿದ. ಅಲ್ಲಿಯೇ ಕಾಯಿಲೆ ಬಿದ್ದ. ಸಾವಿನ ವದಂತಿ ಶಿಬಿರದಲ್ಲಿ ಹಬ್ಬಿ ಗೊಂದಲವಾಯಿತು. ಮಳೆಗಾಲವನ್ನೆಲ್ಲ ದೇವಾಪುರದಲ್ಲಿ ಕಳೆದು, 1705ರ ಅಕ್ಟೋಬರಿನಲ್ಲಿ ಪಲ್ಲಕ್ಕಿಯಲ್ಲಿ ಉತ್ತರಕ್ಕೆ ಹೊರಟವನು 1706ರ ಆರಂಭದಲ್ಲಿ ಅಹ್ಮದನಗರ ತಲುಪಿದ. 1707ರ ಆರಂಭದಲ್ಲಿ ಅಲ್ಲಿಯೇ ತೀರಿಕೊಂಡ. ವಾಗಣಗೇರಿಯ ನಂತರ ಅವನು ಇನ್ನಾವ ಕೋಟೆಯ ಮುಂದೆಯೂ ನಿಲ್ಲಲಿಲ್ಲ.

ಪಿಡ್ಡನಾಯಕ ಬದುಕಿದ. ಬಾದಶಹ ಬೆನ್ನು ತಿರುಗಿಸಿದ ಮೇಲೆ ಬೇಡರು ತಮ್ಮ ಸೀಮೆಯನ್ನು ಮತ್ತೆ ಹಿಡಿದರು. ಸುರಪುರದ ಗುಡ್ಡಗಳ ನಡುವೆ ರಾಜಧಾನಿ ನೆಲೆಗೊಂಡಿತು. ದೇವಾಲಯಗಳೆದ್ದವು, ಸಂಸ್ಕೃತ ವಿದ್ವಾಂಸರಿಗೆ ಆಶ್ರಯ ದೊರೆಯಿತು, ಸುರಪುರ ಶೈಲಿಯೆಂದು ಹೆಸರಾದ ಗರುಡಾದ್ರಿ ಮನೆತನದ ಚಿತ್ರಕಲೆ ಮುಂದೆ ಇಲ್ಲಿಯೇ ಅರಳಿತು. ದರೋಡೆಕೋರರ ಬೀಡೆಂದು ಮೊಘಲರು ಬರೆದಿಟ್ಟ ನೆಲ ಮುಂದಿನ ಒಂದೂವರೆ ಶತಮಾನ ಸಂಸ್ಥಾನವಾಗಿ ಬಾಳಿತು.

ಇತಿಹಾಸದ ಇನ್ನೊಂದು ತಿರುವನ್ನು ಇಲ್ಲಿ ಗಮನಿಸಬೇಕು. ವಾಗಣಗೇರಿಯ ಮುಂದೆ ಕುದುರೆ ಕಳೆದುಕೊಂಡ ಚಿನ್ ಖಿಲಿಚ್ ಖಾನನೇ ಮುಂದೆ ನಿಜಾಮ್ ಉಲ್ ಮುಲ್ಕ್ ಎಂಬ ಬಿರುದಿನಿಂದ 1724ರಲ್ಲಿ ಹೈದರಾಬಾದಿನ ಆಸಫಜಾಹಿ ರಾಜ್ಯವನ್ನು ಸ್ಥಾಪಿಸಿದ. 1948ರ ಸೆಪ್ಟೆಂಬರ್ 17ರವರೆಗೆ ಕಲಬುರಗಿ ಇದ್ದದ್ದು ಅದೇ ರಾಜ್ಯದಲ್ಲಿ. ಪಿಡ್ಡನಾಯಕನ ವಂಶದ ರಾಜಾ ವೆಂಕಟಪ್ಪ ನಾಯಕ 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೋತು, ಸೆರೆಯಾಗಿ ಅದೇ ವರ್ಷ ಅಕಾಲ ಮರಣಕ್ಕೀಡಾದ. ಬಾಲ್ಯದಲ್ಲಿ ಅವನನ್ನು ನೋಡಿಕೊಂಡ ಬ್ರಿಟಿಷ್ ಅಧಿಕಾರಿ, ಕಾದಂಬರಿಕಾರ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಆ ದುರಂತವನ್ನು ವಿವರವಾಗಿ ಬರೆದಿದ್ದಾನೆ. ಅನಂತರ ಸುರಪುರ ಸಂಸ್ಥಾನ ನಿಜಾಮನ ಕೈಸೇರಿತು. ಬಂದೂಕಿನಿಂದ ಹಿಡಿಯಲಾಗದ್ದನ್ನು ಆಸಫಜಾಹಿ ಮನೆತನ ನೂರೈವತ್ತು ವರ್ಷಗಳ ನಂತರ ಒಪ್ಪಂದದ ಕಾಗದದಿಂದ ಪಡೆಯಿತು.

ಬಂದೂಕು ಹೋದ ದಾರಿ

ಬೇಡರ ಬಲವಿದ್ದದ್ದು ಕೈಯಲ್ಲಿನ ಆಯುಧದಲ್ಲೆಂದು ಬ್ರಿಟಿಷರಿಗೂ ತಿಳಿದಿತ್ತು. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಬೇಟೆಯೂ ಕಾವಲೂ ಜೀವನವಾಗಿದ್ದವರಿಗೆ ಬಂದೂಕು ಬಿಟ್ಟುಕೊಡುವುದೆಂದರೆ ಅನ್ನ ಮತ್ತು ಮಾನ ಎರಡನ್ನೂ ಬಿಟ್ಟಂತೆ. ಆ ವರ್ಷದ ನವೆಂಬರಿನಲ್ಲಿ ಊರಿನ ಮೇಲೆ ಸೈನ್ಯ ನುಗ್ಗಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಮುಂದೆ 1878ರ ಶಸ್ತ್ರ ಕಾಯ್ದೆ ಲೈಸೆನ್ಸ್ ಪದ್ಧತಿಯನ್ನು ದೇಶದಾದ್ಯಂತ ಬಿಗಿಗೊಳಿಸಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ದೊರೆತ ವಿನಾಯಿತಿ ಇಂದಿಗೂ ಮುಂದುವರಿದಿದೆ. ಕಲ್ಯಾಣ ಕರ್ನಾಟಕದ ಬೇಡರಿಗೆ ಅಂಥ ವಿನಾಯಿತಿ ಸಿಗಲಿಲ್ಲ. ಒಂದು ಜನಾಂಗದ ಆಯುಧ ಸಂಪ್ರದಾಯವೆನಿಸಿಕೊಂಡಿತು, ಇನ್ನೊಂದು ಜನಾಂಗದ ಆಯುಧ ಅಪರಾಧವೆನಿಸಿಕೊಂಡಿತು. ಸರ್ಕಾರಕ್ಕೆ ಎದುರು ನಿಂತವರು ಯಾರು, ಜೊತೆಗೆ ನಿಂತವರು ಯಾರು ಎಂಬುದೇ ಈ ಭೇದಕ್ಕೆ ಮುಖ್ಯ ಕಾರಣ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಅಧ್ಯಾಯವನ್ನೇ ಮುಚ್ಚಿತು. ಅದು ಸರಿಯಾದ ಹೆಜ್ಜೆಯೂ ಹೌದು. ಬಯಲಿನಲ್ಲಿ ಹಿಂಡುಹಿಂಡಾಗಿದ್ದ ಚಿಗರಿಗಳ ನೆಲೆ ಇಂದು ಬಹಳ ಕುಗ್ಗಿದೆ. ಅವು ಉಳಿಯಬೇಕಾದರೆ ಬಂದೂಕು ಮೌನವಾಗಿರಲೇಬೇಕು. ಬೇಟೆಯ ಬಂದೂಕಿನ ಕಾಲ ಮತ್ತೆ ಬರಬೇಕೆಂದು ಯಾರೂ ಬಯಸಬೇಕಿಲ್ಲ. ಆದರೆ ಆ ಬಂದೂಕನ್ನು ಹಿಡಿದವರ ಇತಿಹಾಸವೂ ಜೊತೆಗೆ ಮೌನವಾಗಬೇಕಾಗಿಲ್ಲ.

ಪಿಡ್ಡನಾಯಕನ ಬಗ್ಗೆ ನಮಗೆ ತಿಳಿದಿರುವ ಹೆಚ್ಚಿನ ಸಂಗತಿಗಳು ಅವನ ಶತ್ರುಗಳು ಬರೆದವು. ಬಾದಶಹನ ಆಸ್ಥಾನದ ಬರಹಗಳನ್ನು ಆಧರಿಸಿ ಜದುನಾಥ ಸರ್ಕಾರ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಔರಂಗಜೇಬನ ಚರಿತ್ರೆಯ ಸಂಪುಟಗಳನ್ನು ಬರೆದಾಗ ವಾಗಣಗೇರಿಯ ಮುತ್ತಿಗೆಗೆ ವಿಸ್ತಾರವಾದ ಜಾಗ ಕೊಟ್ಟರು. ಸೋಲಿಸಲು ಬಂದವರೇ ಬೇಡ ಬಂದೂಕುಧಾರಿಗಳ ಗುರಿಯನ್ನು ದಕ್ಷಿಣದಲ್ಲಿ ಶ್ರೇಷ್ಠವೆಂದು ಒಪ್ಪಿಕೊಂಡದ್ದು ಆ ಪುಟಗಳಿಂದಲೇ ತಿಳಿಯುತ್ತದೆ. ಹಗೆಯ ಲೇಖನಿಯಿಂದ ಬಂದ ಮೆಚ್ಚುಗೆಯಾದ್ದರಿಂದ ಅದರ ತೂಕ ಹೆಚ್ಚು.

ಜೇವರ್ಗಿ, ಶಹಾಪುರಗಳ ಮೂಲಕ ಸುರಪುರಕ್ಕೆ ಹೋಗುವ ಪ್ರವಾಸಿಗರು ಬೆಟ್ಟದ ಮೇಲಿನ ಟೇಲರ್ ಮಂಜಿಲನ್ನು ನೋಡಿ ಹಿಂದಿರುಗುವುದು ವಾಡಿಕೆ. 2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಈ ಸ್ಥಳಗಳೆಲ್ಲ ಆ ಜಿಲ್ಲೆಗೆ ಸೇರಿವೆ. ಬ್ರಿಟಿಷ್ ಅಧಿಕಾರಿಯ ಬಂಗಲೆಯಿಂದ ಸ್ವಲ್ಪ ದೂರದಲ್ಲಿಯೇ ವಾಗಣಗೇರಿ, ತಳವಾರಗೇರಿ, ದೇವಾಪುರ ಇವೆ. ಸಾಮ್ರಾಜ್ಯದ ಕೊನೆಯ ಮುತ್ತಿಗೆಯ ಇಡೀ ಭೂಪಟ ಒಂದೇ ದಿನದ ಪ್ರಯಾಣದೊಳಗೆ ಸಿಗುತ್ತದೆ. ಶಾಲಾ ಪಠ್ಯಗಳಲ್ಲಿ ಔರಂಗಜೇಬನ ದಖ್ಖನಿನ ಯುದ್ಧಗಳನ್ನು ಓದುವ ಈ ಭಾಗದ ಮಕ್ಕಳಿಗೆ, ಆ ಯುದ್ಧಗಳು ಮುಗಿದದ್ದು ತಮ್ಮ ಜಿಲ್ಲೆಯ ಬಂಡೆಗಳ ನಡುವೆ, ಬೇಟೆಗಾರನೊಬ್ಬನ ಎದುರಿನಲ್ಲಿ ಎಂಬುದನ್ನು ಆ ಗುಡ್ಡದ ಮೇಲೆಯೇ ನಿಲ್ಲಿಸಿ ಹೇಳುವ ಏರ್ಪಾಡಾಗಬೇಕು.